ಇಬ್ಬರ ಪರದೇಶ

ವಿದ್ಯೆಯನ್ನರಸಿ ಕಡಲು ದಾಟುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಆದರೆ ಬಹುಕಾಲ ಅದು ಒಬ್ಬೊಬ್ಬರೇ ಕೈಗೊಳ್ಳುವ ಪ್ರಯಾಣವಾಗಿತ್ತು. ೧೮೮೩ರಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯಶಾಸ್ತ್ರವನ್ನು ಕಲಿಯಲು ಅಮೆರಿಕದ ಫಿಲಡೆಲ್ಫಿಯಾ ನಗರಕ್ಕೆ ಹೊರಟಾಗ ಅವರಿಗೆ ಹದಿನೆಂಟೇ ವರ್ಷ. ಪತಿ ಗೋಪಾಲರಾಯರು ಅಂದು ಈಚೆಯ ದಡದಲ್ಲಿಯೇ ಉಳಿದರು. ೧೮೮೬ರಲ್ಲಿ ಪದವಿಯನ್ನು ಪಡೆದು, ಕ್ಷಯದಿಂದ ಬಳಲಿದ ದೇಹವನ್ನು ಹೊತ್ತು ಮರಳಿದ ಆನಂದಿಬಾಯಿ ಮರುವರ್ಷವೇ ತೀರಿಕೊಂಡರು. ೧೯೧೪ರಲ್ಲಿ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕೇಂಬ್ರಿಜ್‌ಗೆ ಹೋದಾಗ ಎಳೆಯ ವಯಸ್ಸಿನ ಪತ್ನಿ ಜಾನಕಿ ಊರಿನಲ್ಲಿ ಐದು ವರ್ಷ ಕಾದರು. ಆ ಚಳಿಯ ನಾಡಿನಲ್ಲಿ ರಾಮಾನುಜನ್ ತಮ್ಮ ಅನ್ನ–ಸಾರನ್ನು ತಾವೇ ಬೇಯಿಸಿಕೊಂಡು ಉಂಡರು. ಗಂಡಹೆಂಡಿರಿಬ್ಬರೂ ಒಟ್ಟಿಗೆ ಹೋಗಿ, ಒಂದೇ ಸೂರಿನಡಿಯಲ್ಲಿ ಎರಡು ಮೇಜುಗಳನ್ನಿಟ್ಟುಕೊಂಡು ವಿದ್ಯಾರ್ಥಿಗಳಾಗುವುದು ಈಚಿನ ಕೆಲವು ತಲೆಮಾರುಗಳಿಗೆ ಒದಗಿದ ಭಾಗ್ಯ. ಭಾಗ್ಯವೆಂದ ಮಾತ್ರಕ್ಕೆ ಅದರಲ್ಲಿ ಕಣ್ಣೀರಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ.

ಅಂಥ ದಂಪತಿಗಳಲ್ಲಿ ಒಂದು ಜೋಡಿ ೨೦೧೬ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿಯಾದ ಮ್ಯಾಡಿಸನ್ ನಗರವನ್ನು ತಲುಪಿತು. ಆತ ತೀರ್ಥಹಳ್ಳಿಯ ಕಡೆಯವನು. ಮಣ್ಣಿನ ವಿಜ್ಞಾನದಲ್ಲಿ ಸಂಶೋಧನೆ ಮಾಡಲು ಬಂದವನು. ಆಕೆ ಧಾರವಾಡದವಳು, ಸಸ್ಯಶಾಸ್ತ್ರವನ್ನು ಓದಿದವಳು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಮ್ಯಾಡಿಸನ್ ಎರಡು ಸರೋವರಗಳ ನಡುವಣ ಕಿರಿದಾದ ಭೂಮಿಯ ಮೇಲೆ ಬೆಳೆದ ಊರು. ಹಿರಿಯದಾದ ಮೆಂಡೋಟಾ ಸರೋವರದ ದಂಡೆಯಲ್ಲಿ ೧೮೪೮ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವಿದೆ. ಅದರ ಪಶ್ಚಿಮದ ಅಂಚಿನಲ್ಲಿ, ಸಂಸಾರಸ್ಥ ವಿದ್ಯಾರ್ಥಿಗಳಿಗೆಂದು ಕಟ್ಟಿದ ಈಗಲ್ ಹೈಟ್ಸ್ ಎಂಬ ವಸತಿಪ್ರದೇಶವಿದೆ. ಒಂದೇ ಅಚ್ಚಿನಿಂದ ಇಳಿಸಿದಂತಿರುವ ಸಾವಿರಕ್ಕೂ ಮೀರಿದ ಪುಟ್ಟ ಮನೆಗಳು. ಒಳಗೆ ಮಾತ್ರ ಲೋಕದ ಎಲ್ಲ ಖಂಡಗಳ ಒಗ್ಗರಣೆಯ ವಾಸನೆ. ಸಾಯಂಕಾಲ ಮೆಟ್ಟಿಲೇರುವವನು ವಾಸನೆಯಿಂದಲೇ ದೇಶದೇಶಗಳನ್ನು ಗುರುತಿಸಬಹುದಾಗಿತ್ತು.

ಮೊದಲ ಕೆಲವು ತಿಂಗಳು ಇಬ್ಬರ ಪರದೇಶವೂ ಒಂದೇ ಆಗಿರಲಿಲ್ಲ. ಆತನಿಗೆ ಪ್ರಯೋಗಶಾಲೆಯಿತ್ತು, ಗುರುವಿದ್ದರು, ಗೆಳೆಯರಿದ್ದರು. ಆಕೆಗೆ ಗೋಡೆಯಿತ್ತು, ಕಿಟಕಿಯಿತ್ತು. ಆ ದೇಶದ ಕಾನೂನಿನಂತೆ ವಿದ್ಯಾರ್ಥಿಯಾಗಿ ಬಂದವನ ರಹದಾರಿ ಬೇರೆ, ಅವನ ಹೆಂಡತಿಯಾಗಿ ಬಂದವಳ ರಹದಾರಿ ಬೇರೆ. ಎರಡನೆಯದನ್ನು ಹಿಡಿದವರು ಸಂಬಳಕ್ಕೆ ದುಡಿಯುವಂತಿಲ್ಲ. ಪೂರ್ಣಾವಧಿಯ ಪದವಿಗೆ ಸೇರುವಂತೆಯೂ ಇಲ್ಲ. ಕಾಲೇಜಿನಲ್ಲಿ ಬಂಗಾರದ ಪದಕ ಪಡೆದ ಹೆಣ್ಣುಮಗಳು ಕಾಗದದ ಮೇಲೆ ‘ಅವಲಂಬಿತೆ’ಯಾದಳು. ಆ ಶಬ್ದ ಆಕೆಯನ್ನು ಚಳಿಗಿಂತ ಹೆಚ್ಚಾಗಿ ಕೊರೆಯಿತು. ಬೆಳಗ್ಗೆ ಪತಿ ಬಸ್ಸು ಹತ್ತಿದ ಮೇಲೆ ಸಂಜೆಯವರೆಗೆ ಕನ್ನಡದ ಒಂದು ಶಬ್ದವೂ ಆಕೆಯ ಕಿವಿಗೆ ಬೀಳುತ್ತಿರಲಿಲ್ಲ. ಒಮ್ಮೆ ಆಕೆ ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ಮಗ್ಗಿ ಹೇಳಿಕೊಳ್ಳುತ್ತಿದ್ದುದನ್ನು ಕೇಳಿ, ಬೇಗನೆ ಮನೆಗೆ ಬಂದಿದ್ದ ಆತ ಬಾಗಿಲಿನಲ್ಲಿಯೇ ನಿಂತುಬಿಟ್ಟ. ಆ ರಾತ್ರಿ ಇಬ್ಬರೂ ಕುಳಿತು ಆಕೆಯ ಪ್ರವೇಶದ ಅರ್ಜಿಯನ್ನು ಬರೆದರು. ವಿಶ್ವವಿದ್ಯಾನಿಲಯ ಬೇಗ ಒಪ್ಪಿತು. ರಹದಾರಿಯ ಬದಲಾವಣೆಗೆ ಮಾತ್ರ ಎಂಟು ತಿಂಗಳು ಹಿಡಿಯಿತು. ೨೦೧೭ರ ಶರತ್ಕಾಲದಲ್ಲಿ ಎರಡನೆಯ ಮೇಜು ಮನೆಗೆ ಬಂದಿತು. ಯಾರೋ ರಸ್ತೆಯ ಬದಿಯಲ್ಲಿ ಬಿಟ್ಟುಹೋಗಿದ್ದ ಮೇಜು. ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಿಸಿಟ್ಟ ಕಾಗದ ಕೊನೆಯವರೆಗೂ ಹಾಗೆಯೇ ಇದ್ದಿತು.

ಆ ಬಳಿಕದ ದಿನಗಳ ಸುಖವನ್ನು ಸುಖವೆಂದೇ ಹೇಳಬೇಕು. ಇಬ್ಬರೂ ವಿದ್ಯಾರ್ಥಿಗಳಾದ ಮನೆಯಲ್ಲಿ ಯಜಮಾನಿಕೆಗೆ ಎಡೆಯಿಲ್ಲ. ಆಕೆಗೆ ಪರೀಕ್ಷೆಯಿದ್ದ ವಾರ ಆತ ಅಡಿಗೆ ಮಾಡಿದ. ಮೊದಮೊದಲು ಸಾರು ನೀರಾಯಿತು, ಆಮೇಲೆ ಸಾರಾಯಿತು. ಜೋಳದ ರೊಟ್ಟಿಯನ್ನು ತಟ್ಟುವ ವಿದ್ಯೆ ಮಾತ್ರ ಆ ಮಲೆನಾಡಿಗನ ಕೈಗೆ ಹತ್ತಲಿಲ್ಲ. ರೊಟ್ಟಿಯ ಹಿಟ್ಟಿಗಾಗಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಶಿಕಾಗೋ ನಗರಕ್ಕೆ, ಭಾರತೀಯರ ಅಂಗಡಿಗಳಿಂದ ತುಂಬಿದ ಡೆವಾನ್ ರಸ್ತೆಗೆ, ಯಾರದಾದರೂ ಕಾರಿನಲ್ಲಿ ಜಾಗ ಬೇಡಿ ಹೋಗಬೇಕಾಗಿತ್ತು. ಅಲ್ಲಿಂದ ತಂದ ಹುಣಿಸೆಹಣ್ಣನ್ನೂ ಬೆಲ್ಲವನ್ನೂ ಅವರು ಒಡವೆಯಂತೆ ಕಾಪಾಡುತ್ತಿದ್ದರು. ನಡುರಾತ್ರಿಯಲ್ಲಿ ಒಬ್ಬರ ಬರೆಹವನ್ನು ಇನ್ನೊಬ್ಬರು ತಿದ್ದುವುದು, ತಿದ್ದಿದ್ದಕ್ಕೆ ಮುನಿಯುವುದು, ಚಹಾ ಕಾಸಿ ಮುನಿಸನ್ನು ತೀರಿಸುವುದು ದಿನಚರಿಯಾಯಿತು.

ಜಗಳವೂ ಇದ್ದಿತು. ಊರಿನಲ್ಲಿ ಗಂಡಹೆಂಡಿರ ಜಗಳಕ್ಕೆ ಹತ್ತು ಬಾಗಿಲುಗಳಿರುತ್ತವೆ: ಅತ್ತೆ ಒಂದು ಮಾತು ಹೇಳುತ್ತಾಳೆ, ತಂಗಿ ನಗಿಸುತ್ತಾಳೆ, ನೆರೆಯವರು ಬಂದರೆಂದು ಇಬ್ಬರೂ ಮುಖ ತೊಳೆದುಕೊಳ್ಳುತ್ತಾರೆ. ಪರದೇಶದ ಎರಡು ಕೋಣೆಯ ಮನೆಯಲ್ಲಿ ಮೂರನೆಯವರೇ ಇಲ್ಲ. ಹೊರಗೆ ಹಿಮ ಸುರಿಯುವಾಗ ಕೋಪಿಸಿಕೊಂಡು ಎದ್ದುಹೋಗುವುದೂ ಸುಲಭವಲ್ಲ. ಎರಡು ಜೊತೆ ಕಾಲುಚೀಲ, ಬೂಟು, ಉಣ್ಣೆಯ ಟೊಪ್ಪಿಗೆ, ಕೈಗವಸುಗಳನ್ನು ಧರಿಸಿ ಮುಗಿಸುವ ಹೊತ್ತಿಗೆ ಕೋಪದ ಕಾವು ಇಳಿದಿರುತ್ತದೆ. ಚಳಿಯ ದೇಶಗಳಲ್ಲಿ ಸಂಸಾರಗಳು ಉಳಿಯುವುದಕ್ಕೆ ಇದೂ ಒಂದು ಕಾರಣವಿರಬಹುದು.

ಊರಿನ ಹಂಬಲ ಇಬ್ಬರಿಗೂ ಇದ್ದಿತಾದರೂ ಇಬ್ಬರ ಹಂಬಲವೂ ಒಂದೇ ಬಗೆಯದಾಗಿರಲಿಲ್ಲ. ಆತನಿಗೆ ಮಳೆ ಬೇಕಾಗಿತ್ತು. ಹಂಚಿನ ಮೇಲೆ ಮೂರು ದಿನ ಬಿಡದೆ ಬೀಳುವ ಆಷಾಢದ ಮಳೆಯ ಸದ್ದು ಬೇಕಾಗಿತ್ತು. ಆಕೆಗೆ ಬೇಕಾಗಿದ್ದುದು ಮಾತು. ಧಾರವಾಡದ ಸಂತೆಯಲ್ಲಿ ಚೌಕಾಶಿ ಮಾಡುವ ಹೆಂಗಸರ ಗಟ್ಟಿಯಾದ ಮಾತು. ಒಬ್ಬರ ಹಂಬಲ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ೧೩ ಡಿಗ್ರಿಯಲ್ಲಿದ್ದರೆ ಮ್ಯಾಡಿಸನ್ ೪೩ ಡಿಗ್ರಿಯಲ್ಲಿದೆ. ಅಲ್ಲಿ ಜೂನ್ ತಿಂಗಳಿನ ಹಗಲು ಹದಿನೈದು ಗಂಟೆಗೂ ಮೀರಿದ್ದು. ಡಿಸೆಂಬರಿನಲ್ಲಿ ಅದು ಒಂಬತ್ತು ಗಂಟೆಗೆ ಕುಗ್ಗುತ್ತದೆ. ಸಂಜೆ ನಾಲ್ಕೂವರೆಗೇ ಕತ್ತಲಾವರಿಸುವ ಆ ತಿಂಗಳಿನಲ್ಲಿ ಮನಸ್ಸೂ ಬೇಗನೆ ಮುಸುಕು ಹೊದೆಯುತ್ತಿತ್ತು. ಚಳಿಗಾಲದಲ್ಲಿ ಊರಿಗೂ ಅಲ್ಲಿಗೂ ಹನ್ನೊಂದೂವರೆ ಗಂಟೆಯ ಅಂತರ. ತಾಯಿ ದೇವರ ಮುಂದೆ ಸಂಜೆಯ ದೀಪ ಹಚ್ಚುವಾಗ ಇವರ ಮನೆಯಲ್ಲಿ ಬೆಳಗಿನ ಹಾಲು ಕಾಯುತ್ತಿರುತ್ತಿತ್ತು. ಹಿಂದಿನವರು ನೀಲಿಯ ವಿಮಾನಪತ್ರವನ್ನು ಬರೆದು ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಇವರು ದೂರವಾಣಿಯ ಗಾಜಿನಲ್ಲಿ ತಾಯಿಯ ಮುಖವನ್ನೇ ಕಾಣಬಲ್ಲವರಾಗಿದ್ದರು. ಇದರಿಂದ ಹಂಬಲ ಕಡಮೆಯಾಯಿತೆಂದು ಹೇಳುವವರಿದ್ದಾರೆ. ಮುಖ ಕಂಡು ಕೈಗೆ ಸಿಗದಿರುವುದು ಪತ್ರಕ್ಕಿಂತ ಸುಲಭವೆಂದು ಈ ದಂಪತಿಗಳಿಗೆ ತೋರಲಿಲ್ಲ.

ಇದೇ ವಿಶ್ವವಿದ್ಯಾನಿಲಯದಲ್ಲಿ ೧೯೬೦ರಿಂದ ಹತ್ತು ವರ್ಷ ಸಂಶೋಧನೆ ನಡೆಸಿ, ೧೯೬೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹರಗೋವಿಂದ ಖೊರಾನಾ ಅವರ ಜೀವನವೃತ್ತಾಂತದಲ್ಲಿ ಒಂದು ಸಂಗತಿ ಬರುತ್ತದೆ. ತಾಯ್ನಾಡನ್ನು ಬಿಟ್ಟು ಆರು ವರ್ಷಗಳಾದ ಮೇಲೆ ಎಲ್ಲಿದ್ದರೂ ಪರಕೀಯನೆಂಬ, ಎಲ್ಲಿಯೂ ತನ್ನ ಮನೆಯಿಲ್ಲವೆಂಬ ಭಾವ ಅವರನ್ನು ಕವಿದಿದ್ದಾಗ, ೧೯೫೨ರಲ್ಲಿ ಕೈಹಿಡಿದ ಸ್ವಿಟ್ಸರ್ಲೆಂಡಿನ ಎಸ್ತರ್ ಅವರ ಬಾಳಿಗೆ ಒಂದು ನೆಲೆಯನ್ನು ತಂದುಕೊಟ್ಟರಂತೆ. ಅಷ್ಟು ದೊಡ್ಡ ವಿಜ್ಞಾನಿಗೂ ಹೀಗಾಗಿತ್ತೆಂಬುದನ್ನು ಓದಿ ಅವರಿಬ್ಬರಿಗೆ ಸಮಾಧಾನವಾಯಿತು.

ಸಮಾಧಾನದ ಇನ್ನೊಂದು ಮೂಲ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿತ್ತು. ಅದರ ಕಪಾಟುಗಳಲ್ಲಿ ಕನ್ನಡದ ಪುಸ್ತಕಗಳ ಸಾಲುಸಾಲೇ ಇದ್ದಿತು. ಅವು ಅಲ್ಲಿಗೆ ಬಂದ ಬಗೆ ವಿಚಿತ್ರವಾದುದು. ಭಾರತಕ್ಕೆ ಧಾನ್ಯದ ಕೊರತೆಯಿದ್ದ ಕಾಲದಲ್ಲಿ ಅಮೆರಿಕ ತನ್ನ ಗೋದಿಯನ್ನು ಮಾರಿ, ಬೆಲೆಯನ್ನು ರೂಪಾಯಿಗಳಲ್ಲಿಯೇ ಪಡೆಯುತ್ತಿತ್ತು. ಆ ರೂಪಾಯಿಗಳ ಒಂದು ಅಂಶದಿಂದ ೧೯೬೨ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿಯ ಗ್ರಂಥಾಲಯಗಳಿಗೆ ಕಳುಹಿಸಲಾಯಿತು. ಅಲ್ಲಿಯ ಗೋದಿ ಇಲ್ಲಿ ಹಿಟ್ಟಾಯಿತು, ಇಲ್ಲಿಯ ಕನ್ನಡ ಅಲ್ಲಿ ಪುಸ್ತಕವಾಗಿ ಕುಳಿತಿತು. ಒಂದು ಸಂಜೆ ಆಕೆ ಅಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಹಳೆಯ ಪ್ರತಿಯನ್ನು ತೆರೆದಳು. ಮೊದಲ ಪುಟದಲ್ಲಿ ಪ್ರಕಾಶಕರ ಊರು ಧಾರವಾಡವೆಂದಿತ್ತು. ಕಥೆ ನಡೆಯುವುದು ಮಲೆನಾಡಿನ ಅಗ್ರಹಾರದಲ್ಲಿ. ಬರೆದುದು ಎರಡೂ ಕಡೆಯಲ್ಲಲ್ಲ. ೧೯೬೫ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಅನಂತಮೂರ್ತಿಯವರು ಸಂಶೋಧನ ವಿದ್ಯಾರ್ಥಿಯಾಗಿದ್ದಾಗ. ಆ ವಾರವೆಲ್ಲ ಆಕೆ ಓದಿದಳು, ಆತ ಕೇಳಿದ. ಕೆಲವು ಮಾತುಗಳಿಗೆ ಆತನೇ ಅರ್ಥ ಹೇಳಬೇಕಾಯಿತು.

ಈಗಲ್ ಹೈಟ್ಸಿನ ನಿವಾಸಿಗಳಿಗೆ ೧೯೬೨ರಿಂದಲೂ ಒಂದು ಸಮುದಾಯದ ತೋಟವಿದೆ. ಇವರಿಗೂ ಅದರಲ್ಲಿ ಒಂದು ತುಂಡು ನೆಲ ದೊರೆಯಿತು. ಮೇ ತಿಂಗಳ ನಡುವಿನವರೆಗೆ ಇಬ್ಬನಿ ಹೆಪ್ಪುಗಟ್ಟುವ ಭಯ. ಅಕ್ಟೋಬರಿಗೆ ಮತ್ತೆ ಅದೇ. ನಡುವಣ ಐದೇ ತಿಂಗಳಿನಲ್ಲಿ ಮೆಂತ್ಯ, ಕೊತ್ತಂಬರಿ, ಬದನೆ, ಹಸಿಮೆಣಸು ಎಲ್ಲವೂ ಬೆಳೆದು ಮುಗಿಯಬೇಕು. ನೆರೆಯ ಮಡಿಗಳವರು ಕಳೆಯೆಂದು ಕಿತ್ತೆಸೆಯುತ್ತಿದ್ದ ಒಂದು ಗಿಡವನ್ನು ಆಕೆ ಎತ್ತಿ ನೋಡಿದಳು. ಅದು ದಂಟಿನ ಸೊಪ್ಪಿನ ಕುಲದ್ದೇ! ಅಂದಿನಿಂದ ತೋಟದವರೆಲ್ಲ ತಮ್ಮ ಕಳೆಯನ್ನು ಇವರ ಮಡಿಯ ಅಂಚಿನಲ್ಲಿ ಇಟ್ಟುಹೋಗತೊಡಗಿದರು. ಇವರ ಮನೆಯಲ್ಲಿ ವಾರಕ್ಕೆ ಮೂರು ದಿನ ಬಸ್ಸಾರು.

ಮೂರನೆಯ ಚಳಿಗಾಲವನ್ನು ಅವರು ಮರೆಯುವಂತಿಲ್ಲ. ೨೦೧೯ರ ಜನವರಿಯ ಕೊನೆಯ ದಿನಗಳಲ್ಲಿ ಧ್ರುವಪ್ರದೇಶದ ಶೀತವಾಯು ಆ ಸೀಮೆಯ ಮೇಲೆ ಇಳಿಯಿತು. ಉಷ್ಣಮಾನ ಸೊನ್ನೆಗಿಂತ ಸುಮಾರು ಮೂವತ್ತು ಡಿಗ್ರಿ ಸೆಲ್ಸಿಯಸ್ ಕೆಳಗಾಯಿತು. ವಿಶ್ವವಿದ್ಯಾನಿಲಯ ತರಗತಿಗಳನ್ನು ನಿಲ್ಲಿಸಿತು. ಅಂಚೆಯ ವಿತರಣೆಯೂ ನಿಂತಿತು. ೨೯ನೆಯ ತಾರೀಖಿನ ರಾತ್ರಿ ಒಂಬತ್ತು ಗಂಟೆಗೆ ಊರಿನಿಂದ ಕರೆ ಬಂದಿತು. ಅಲ್ಲಿ ಆಗ ಮರುದಿನದ ಬೆಳಗು. ಆತನ ತಂದೆ ಸ್ನಾನಕ್ಕೆ ಹೋದವರು ಬಚ್ಚಲಿನಲ್ಲಿಯೇ ಕುಸಿದಿದ್ದರು. ಆತ ಹಿರಿಯ ಮಗ. ಆಕೆ ವಿಮಾನಗಳನ್ನು ಹುಡುಕಿದಳು. ಶಿಕಾಗೋದಿಂದ ಹೊರಡಬೇಕಾಗಿದ್ದ ವಿಮಾನಗಳು ಒಂದಾದಮೇಲೊಂದು ರದ್ದಾಗುತ್ತಿದ್ದವು. ಹೊರಟರೂ ಊರು ಸೇರಲು ಒಂದೂವರೆ ದಿನ ಬೇಕು. ಮಧ್ಯಾಹ್ನ ಮೂರಕ್ಕೆ ಸಂಸ್ಕಾರವೆಂದು ತಮ್ಮ ಹೇಳಿದ. “ನೀನೇ ಮಾಡು” ಎಂದು ಆತ ಹೇಳಿ, ದೂರವಾಣಿಯನ್ನು ಮೇಜಿನ ಮೇಲಿಟ್ಟ. ಊರಿನ ಮೂರು ಗಂಟೆಯೆಂದರೆ ಮ್ಯಾಡಿಸನ್‌ನಲ್ಲಿ ರಾತ್ರಿಯ ಮೂರೂವರೆ. ಅಲ್ಲಿಯವರೆಗೆ ಇಬ್ಬರೂ ಗೋಡೆಗೆ ಒರಗಿ ಕುಳಿತಿದ್ದರು. ಮಾತಿರಲಿಲ್ಲ. ದೂರದಲ್ಲಿ, ಹೆಪ್ಪುಗಟ್ಟಿದ ಸರೋವರ ಚಳಿಗೆ ಬಿರಿದು ಆಗಾಗ ನಗಾರಿಯಂತೆ ಗುಡುಗುತ್ತಿತ್ತು. ಮೂರೂವರೆಗೆ ಆಕೆ ಆತನ ಕೈಹಿಡಿದು ಎಬ್ಬಿಸಿ ಸ್ನಾನಕ್ಕೆ ಕಳುಹಿಸಿದಳು. ಊರಿನಲ್ಲಿ ನೂರು ಜನ ಸೇರಿ ಮಾಡುವ ಕೆಲಸವನ್ನು ಅಂದು ಒಬ್ಬಳೇ ಮಾಡಿದಳು.

ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಮನೆಯ ಚೀನೀ ವಿದ್ಯಾರ್ಥಿನಿ ಮುಚ್ಚಿದ ಪಾತ್ರೆಯೊಂದನ್ನು ಹಿಡಿದು ನಿಂತಿದ್ದಳು. ತೆಳುವಾದ ಗೋಡೆಯ ಮೂಲಕ ರಾತ್ರಿ ಅಳುವನ್ನು ಕೇಳಿದ್ದಳು, ಕಾರಣವನ್ನು ಕೇಳಲಿಲ್ಲ. ಪಾತ್ರೆಯಲ್ಲಿ ಉಪ್ಪು ಹಾಕಿದ ಅಕ್ಕಿಯ ಗಂಜಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದು, ನೆರೆಯವರೇ ಅನ್ನ ತಂದುಕೊಡಬೇಕೆಂಬ ಪದ್ಧತಿ ಆಕೆಗೆ ತಿಳಿದಿರಲು ಕಾರಣವಿಲ್ಲ. ಇಂಗ್ಲಿಷಿನಲ್ಲಿ ಚೀನೀಯರ ಆ ಅಂಬಲಿಗೆ ‘ಕಾಂಜೀ’ ಎನ್ನುತ್ತಾರೆ. ಅದು ದಕ್ಷಿಣ ಭಾರತದ ‘ಗಂಜಿ’ ಎಂಬ ಶಬ್ದದಿಂದಲೇ ಬಂದುದು. ಒಂದು ಇಡೀ ದಿನ ಆತ ಉಂಡುದು ಅದನ್ನೇ.

ಆ ವರ್ಷದ ಜೂನ್ ತಿಂಗಳಿನಲ್ಲಿ ಇಬ್ಬರೂ ಊರಿಗೆ ಬಂದರು. ಹೊಸ ರಹದಾರಿಯ ಮುದ್ರೆಗಾಗಿ ಆಕೆ ಚೆನ್ನೈಗೆ ಹೋಗಿ ಕಾಯಬೇಕಾಯಿತು. ಮುದ್ರೆ ಸಿಗದಿದ್ದರೆ ಓದು ಅರ್ಧಕ್ಕೇ ನಿಲ್ಲುತ್ತಿತ್ತು. ಆ ಭಯದಿಂದಲೇ ಅವರು ಮೂರು ವರ್ಷ ಊರಿನತ್ತ ಸುಳಿದಿರಲಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಆತ ಬಯಸಿದ್ದ ಸದ್ದು ಅದೇ. ಆದರೂ ನಡುರಾತ್ರಿ ಎಚ್ಚರವಾದಾಗ ಇಬ್ಬರಿಗೂ ನೆನಪಾದುದು ಈಗಲ್ ಹೈಟ್ಸಿನ ಬದನೆಯ ಗಿಡಗಳು. ಅವುಗಳಿಗೆ ನೀರುಣಿಸುವುದಾಗಿ ಚೀನೀ ಗೆಳತಿ ಮಾತುಕೊಟ್ಟಿದ್ದಳು. “ಈಗ ಅಲ್ಲಿ ಮಧ್ಯಾಹ್ನ” ಎಂದು ಆಕೆ ಪಿಸುಗುಟ್ಟಿದಳು. ಎಷ್ಟು ಗಂಟೆ ಕಳೆಯಬೇಕೆಂಬುದನ್ನು ಯಾರೂ ಕೇಳಲಿಲ್ಲ.

ಹೊರಡುವ ಹಿಂದಿನ ದಿನ ತಾಯಿ ಅಟ್ಟದಿಂದ ಒಂದು ಪೊಟ್ಟಣವನ್ನು ಇಳಿಸಿ ತಂದರು. ಬೂದಿ ಬೆರೆಸಿ ಒಣಗಿಸಿಟ್ಟಿದ್ದ ಮೊಗೆಕಾಯಿಯ ಬೀಜ. ಹಿಂದಿನ ವರ್ಷ ಯಜಮಾನರು ತಮ್ಮ ಕೈಯಿಂದಲೇ ಆರಿಸಿಟ್ಟುದು. “ನಿಮ್ಮ ತೋಟಕ್ಕೆ ಹಾಕಿ” ಎಂದರು. ಪರವಾನಗಿಯಿಲ್ಲದ ಬೀಜವನ್ನು ಆ ದೇಶದೊಳಗೆ ಬಿಡುವುದಿಲ್ಲವೆಂಬುದು ಸಸ್ಯಶಾಸ್ತ್ರದ ವಿದ್ಯಾರ್ಥಿನಿಗೆ ಚೆನ್ನಾಗಿ ಗೊತ್ತಿತ್ತು. ಹೇಗೆ ಹೇಳುವುದೆಂದು ಆಕೆ ಗಂಡನ ಮುಖವನ್ನು ನೋಡಿದಳು. ಆತ ಹೇಳಿದ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹಿತ್ತಲಿಗೆ ಇಳಿದರು. ಮಳೆ ನಿಂತಿತ್ತು, ಮಣ್ಣು ಹದವಾಗಿತ್ತು. ಸೊಸೆ ಗುದ್ದಲಿ ಹಿಡಿದಳು, ಮಗ ಮಡಿ ಮಾಡಿದ. ಕತ್ತಲಾಗುವುದರೊಳಗೆ ಮೂವರೂ ಸೇರಿ ಅಷ್ಟೂ ಬೀಜವನ್ನು ಅಲ್ಲಿಯೇ ಊರಿದರು.