ಹೆರಿಗೆಯ ಮನೆ

2025ರ ಮಹಾಶಿವರಾತ್ರಿ ಕಳೆದ ವಾರ ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಿಂದ ಯುವ ದಂಪತಿಗಳು ನಮ್ಮನ್ನು ಕಾಣಲು ಬಂದಿದ್ದರು. ಹುಡುಗ ಬೆಂಗಳೂರಿನ ನೌಕರಿ ಬಿಟ್ಟು ಬಂದು ತಂದೆಯ ತೆಂಗಿನ ತೋಟವನ್ನು ನೋಡಿಕೊಳ್ಳುತ್ತಿರುವವನು. ಮಡದಿಗೆ ಆಗ ಏಳು ತಿಂಗಳು. ವಿಭೂತಿ ಧರಿಸಿ ಕುಳಿತ ಮೇಲೆ ಹುಡುಗನೇ ವಿಷಯವೆತ್ತಿದ. "ಗುರುಗಳೇ, ಈ ಸಲದ ಹೆರಿಗೆ ಮನೆಯಲ್ಲೇ ಆಗಲಿ ಎಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ. ಹಿರಿಯರು ಒಪ್ಪುತ್ತಿಲ್ಲ. ತಾವೊಂದು ಮಾತು ಹೇಳಿದರೆ ಒಪ್ಪಿಯಾರು."

ಮದುವೆ, ಆಸ್ತಿಯ ಪಾಲು, ಅಣ್ಣತಮ್ಮಂದಿರ ಮನಸ್ತಾಪ, ಇಂಥವಕ್ಕೆ ನಮ್ಮಲ್ಲಿಗೆ ಬರುವವರು ಬಹಳ. ಹೆರಿಗೆಯ ವಿಚಾರವಾಗಿ ಬಂದವರು ಇವರೇ ಮೊದಲು. 'ಆಗದು' ಎಂಬ ಮಾತು ನಮ್ಮ ತುಟಿಯವರೆಗೆ ಬಂದಿತ್ತು. ಅದಕ್ಕೆ ಕಾರಣ ನಮ್ಮ ಅಕ್ಕ.

1968ರ ಮಳೆಗಾಲ. ನಮಗಾಗ ಎಂಟು ವರ್ಷ. ಅಕ್ಕ ಎರಡನೆಯ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಮ್ಮನ್ನೂ ಅವಳನ್ನೂ ಭೂಮಿಗಿಳಿಸಿದ ಸೂಲಗಿತ್ತಿ ಅಜ್ಜಿಯೇ ಬಂದು ನಡುಮನೆಯ ಬಾಗಿಲು ಮುಂದೆ ಮಾಡಿಕೊಂಡಳು. ಮಗು ಸುಖವಾಗಿಯೇ ಹುಟ್ಟಿತು, ಮಾಸೂ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ. ಅಪ್ಪ ಗಾಡಿ ಕಟ್ಟಿದರು. ವೇದಾವತಿ ತುಂಬಿ ಹರಿಯುತ್ತಿದ್ದುದರಿಂದ ಸುತ್ತುದಾರಿ ಹಿಡಿಯಬೇಕಾಯಿತು. ಹೊಸದುರ್ಗದ ದೀಪಗಳು ಕಾಣುವ ಮೊದಲೇ ಅಕ್ಕ ಲಿಂಗೈಕ್ಯಳಾದಳು. ಗಾಡಿ ತಿರುಗಿ ಬಂದಾಗ ಅಂಗಳದಲ್ಲಿ ಕುಳಿತಿದ್ದ ಆ ಅಜ್ಜಿ ಎದೆ ಬಡಿದುಕೊಂಡು ಅತ್ತದ್ದು ಇಂದಿಗೂ ನಮ್ಮ ಕಿವಿಯಲ್ಲಿದೆ.

ಇಷ್ಟನ್ನು ನಾವು ಆ ದಂಪತಿಗಳಿಗೆ ಹೇಳಿದೆವು. ಹುಡುಗ ತಲೆ ತಗ್ಗಿಸಿದ. ಅದುವರೆಗೆ ಸುಮ್ಮನಿದ್ದ ಆ ಹೆಣ್ಣುಮಗಳು ಮೆಲ್ಲನೆ ನುಡಿದಳು: "ಗುರುಗಳೇ, ತಮ್ಮ ಅಕ್ಕನವರ ಕೈಯನ್ನು ಕೊನೆಯವರೆಗೂ ಯಾರೋ ಹಿಡಿದಿದ್ದರು. ನನ್ನ ಮೊದಲ ಹೆರಿಗೆಯಲ್ಲಿ ಹನ್ನೆರಡು ಗಂಟೆ ನೋವು ತಿಂದೆ. ಅವ್ವನನ್ನು ಒಳಗೆ ಬಿಡಲಿಲ್ಲ. ಕೂಗಿದ್ದಕ್ಕೆ ತೊಡೆಯ ಮೇಲೆ ಹೊಡೆದರು, ಬಾಯಿಗೆ ಬಂದಂತೆ ಅಂದರು. ಕಡೆಗೆ ಏಕೆಂದು ಹೇಳದೆಯೇ ಹೊಟ್ಟೆ ಕೊಯ್ದರು. ಪುನಃ ಆ ಬಾಗಿಲೊಳಗೆ ಕಾಲಿಡಲು ನನಗೆ ಭಯ."

ಅದು ಯಾವ ಊರಿನ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಆ ಹಿಂದಿನ ನವೆಂಬರಿನಲ್ಲಷ್ಟೇ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ವಾರ್ತೆಯನ್ನೂ ಅವಳು ಓದಿದ್ದಳು. ಇಷ್ಟು ವರ್ಷ ಬಸಿರಿಯರು ಆಶೀರ್ವಾದ ಬೇಡಿ ಬಂದಾಗಲೆಲ್ಲ "ಆಸ್ಪತ್ರೆಗೆ ಹೋಗು ತಾಯಿ" ಎಂದು ಹರಸಿ ಕಳುಹಿಸಿದವರು ನಾವು. ಅಲ್ಲಿ ಏನಾಯಿತೆಂದು ಮರಳಿ ಬಂದ ಒಬ್ಬಳನ್ನೂ ಕೇಳಿದವರಲ್ಲ. ನಮಗೆ ನಾಚಿಕೆಯಾಯಿತು.

ಹುಡುಗ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರ ಹೆಸರೆತ್ತಿದ. ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರಿನಲ್ಲಿ ಅಗಲಿದ ಮಹಾತಾಯಿ ಅವರು. "ಅಂಥವರು ನಿಮ್ಮ ಊರಿನಲ್ಲಿ ಯಾರಿದ್ದಾರಪ್ಪ?" ಎಂದು ಕೇಳಿದೆವು. ಯಾರೂ ಇರಲಿಲ್ಲ. ಅವನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ಕಲಿಯುತ್ತಿದ್ದನು! ನರಸಮ್ಮನವರು ತಮ್ಮ ಅಜ್ಜಿಯ ಕೈಹಿಡಿದು ಕಲಿತ ವಿದ್ಯೆ ಅದು. ಅಂಥ ಕೈಗಳಿದ್ದ ನಮ್ಮ ಮನೆಯಲ್ಲೇ ಅಕ್ಕ ಉಳಿಯಲಿಲ್ಲ.

ಅಂಕಿಅಂಶಗಳನ್ನೂ ಅವರ ಮುಂದಿಟ್ಟೆವು. ನಮ್ಮ ರಾಜ್ಯದಲ್ಲಿ 2001-03ರ ಅವಧಿಯಲ್ಲಿ ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆದವು. ಆಶಾ ಕಾರ್ಯಕರ್ತೆಯರು, 2008ರಲ್ಲಿ ಬಂದ 108ರ ವಾಹನ, ರಕ್ತನಿಧಿ, ರಕ್ತ ನಿಲ್ಲಿಸುವ ಚುಚ್ಚುಮದ್ದು, ಇವೆಲ್ಲ ಸೇರಿ ಉಳಿಸಿದ ಜೀವಗಳವು. ಆದರೆ ಅದೇ ಸಮೀಕ್ಷೆ ನೂರಕ್ಕೆ 31 ಹೆರಿಗೆಗಳು ಸಿಸೇರಿಯನ್ ಎಂದೂ ಹೇಳುತ್ತದೆ. ಆ ಹೆಣ್ಣುಮಗಳ ಅನುಮಾನ ನಿರಾಧಾರವೆಂದು ಹೇಗೆ ಹೇಳುವುದು?

ಅವಳ ವಿಷಯದಲ್ಲಿ ಇನ್ನೊಂದು ಅಪಾಯವಿತ್ತು. ಒಮ್ಮೆ ಗರ್ಭಕೋಶ ಕೊಯ್ದು ಹೊಲಿದ ಮೇಲೆ, ಮುಂದಿನ ಹೆರಿಗೆಯ ನೋವಿನಲ್ಲಿ ಆ ಗಾಯ ಬಿರಿಯುವ ಸಂಭವ ಸುಮಾರು ಇನ್ನೂರಕ್ಕೆ ಒಂದು ಎಂದು ವೈದ್ಯರು ಹೇಳುತ್ತಾರೆ. ಸಹಜ ಹೆರಿಗೆಗೆ ಅದು ಅಡ್ಡಿಯಲ್ಲ. ಆದರೆ ಬಿರಿದಾಗ ನಿಮಿಷಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ತೋಟದ ಮನೆಯಿಂದ ಹೊಸದುರ್ಗಕ್ಕೆ, ಅಲ್ಲಿಂದ ಚಿತ್ರದುರ್ಗಕ್ಕೆ ಓಡುವ ಹೊತ್ತು ಅದಲ್ಲ.

"ತಾಯಿ, ನಿನಗೆ ಬೇಕಾದುದು ಮನೆಯ ಗೋಡೆಗಳೋ, ಮನೆಯವರೋ?" ಎಂದು ಕೇಳಿದೆವು. ಅವಳು ಬಹಳ ಹೊತ್ತು ಯೋಚಿಸಿದಳು. "ಅವ್ವ ಪಕ್ಕದಲ್ಲಿರಬೇಕು. ಏನು ಮಾಡುತ್ತಿದ್ದೇವೆಂದು ನನಗೆ ಹೇಳಬೇಕು. ಬಯ್ಯಬಾರದು" ಎಂದಳು. ಇವು ಮೂರೂ ಸರ್ಕಾರವೇ ಒಪ್ಪಿರುವ ಸಂಗತಿಗಳು. 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ, ಹೆರಿಗೆ ಕೊಠಡಿಯಲ್ಲಿ ಗರ್ಭಿಣಿಯ ಜೊತೆಗೊಬ್ಬ ಸಂಗಾತಿ ಇರಬೇಕು, ಅವಳನ್ನು ಗೌರವದಿಂದ ಕಾಣಬೇಕು ಎಂದಿದೆ. ನಮ್ಮ ಮನೆಗಳಲ್ಲಿ ಅದನ್ನು ಅರಿತು ಕೇಳುವವರಿಲ್ಲ.

ಮನೆಯನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಲಿಂಗವಂತರಿಗೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳಿಲ್ಲವೆಂದು ನಾವು ಮಠದಲ್ಲಿ ಓದಿದೆವು, ವೇದಿಕೆಗಳಲ್ಲಿ ಹೇಳಿದೆವು. ಆದರೂ ನಮ್ಮನ್ನು ಮೊದಲು ಎತ್ತಿಕೊಂಡ ಆ ಸೂಲಗಿತ್ತಿ ಅಜ್ಜಿಗೆ ನಮ್ಮ ಮನೆಯವರು ಎಲೆ ಹಾಕುತ್ತಿದ್ದುದು ಅಂಗಳದಲ್ಲಿ. ಹೆರಿಗೆಯ ಹೊತ್ತಿನಲ್ಲಿ ನಡುಮನೆಗೆ ಬೇಕಾದವಳು ಊಟದ ಹೊತ್ತಿನಲ್ಲಿ ಹೊರಗಿನವಳಾಗುತ್ತಿದ್ದಳು. ಬಾಣಂತಿಯನ್ನು ಗಾಳಿ ಬೆಳಕಿಲ್ಲದ ಮೂಲೆಯಲ್ಲಿ ಕೂರಿಸುವ ಮನೆಗಳು ನಮ್ಮವರಲ್ಲಿ ಇನ್ನೂ ಇಲ್ಲವೇ? ಗೌರವವನ್ನು ಆಸ್ಪತ್ರೆಯಿಂದ ಕೇಳುವ ನಾವು ಮನೆಯಲ್ಲೂ ಅದನ್ನು ಕಲಿಯಬೇಕಾಗಿದೆ.

ದಂಪತಿಗಳು ಮುಂದಿನ ವಾರವೇ ಬೇರೊಂದು ಆಸ್ಪತ್ರೆಗೆ ಹೋಗಿ ವೈದ್ಯೆಯನ್ನು ಕಂಡು, ಹಿಂದಿನ ಚೀಟಿಗಳನ್ನು ತೋರಿಸಿ, ತಮ್ಮ ಮೂರು ಮಾತುಗಳನ್ನು ಮೊದಲೇ ತಿಳಿಸಿದರು. ರಕ್ತ ಕೊಡುವ ಇಬ್ಬರನ್ನು ಗೊತ್ತುಮಾಡಿಟ್ಟರು. ಬಸವ ಜಯಂತಿಯ ಮುಂದಿನ ವಾರ ಸಹಜವಾಗಿಯೇ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಅವ್ವ ಆರು ಗಂಟೆಯೂ ತಲೆದೆಸೆಯಲ್ಲಿದ್ದರು. ಗರ್ಭಿಣಿಯರಿರುವ ಮನೆಯ ಹಿರಿಯರಲ್ಲಿ ನಮ್ಮ ಅರಿಕೆಯೂ ಇದೇ: ಏಳನೆಯ ತಿಂಗಳಿನಲ್ಲೇ ಹೆರಿಗೆಯ ಸ್ಥಳವನ್ನು ಹೋಗಿ ನೋಡಿರಿ, ಯಾರು ಜೊತೆಗಿರಬಹುದೆಂದು ಕೇಳಿರಿ, ಮನೆಗೆ ಮರಳಿದ ಬಾಣಂತಿಯನ್ನು 'ಹೇಗಾಯಿತು ತಾಯಿ' ಎಂದು ವಿಚಾರಿಸಿರಿ.

ಕೂಸಿಗೆ ಲಿಂಗಧಾರಣೆಯಾದ ದಿನ ನಾವು ಅವರ ತೋಟದ ಮನೆಗೆ ಹೋಗಿದ್ದೆವು. ಹೆರಿಗೆ ಮಾಡಿಸಿದ ದಾದಿಯನ್ನೂ ಆಸ್ಪತ್ರೆಯ ಆಯಾಳನ್ನೂ ಕರೆಸಿ ಪಂಕ್ತಿಯಲ್ಲಿ ನಮ್ಮ ಎದುರಿಗೇ ಕೂರಿಸಿದ್ದರು. ಪ್ರಸಾದ ಮುಗಿದ ಮೇಲೆ ಹುಡುಗ ನಕ್ಕು ಹೇಳಿದ: "ನೋಡಿದಿರಾ ಗುರುಗಳೇ, ಏನೂ ತೊಂದರೆಯಾಗಲಿಲ್ಲ. ಮನೆಯಲ್ಲೇ ಆಗಬಹುದಿತ್ತು."

ಅವನ ಮಾತನ್ನು ಅಲ್ಲಗಳೆಯಲು ನಮಗೆ ಸಾಧ್ಯವಿರಲಿಲ್ಲ. "ಹೌದಪ್ಪ" ಎಂದೆವು. "ನಮ್ಮ ಅಕ್ಕನ ಮೊದಲ ಹೆರಿಗೆಯೂ ಹಾಗೆಯೇ ಆಗಿತ್ತು."