ಗಣಕಯಂತ್ರದೊಳಗಿನ ಇಲಿಗಳು

ನಮ್ಮ ದೊಡ್ಡಕ್ಕ ತೀರಿಕೊಂಡದ್ದು ಸ್ತನ ಕ್ಯಾನ್ಸರಿನಿಂದ ಎಂಬುದು ಬಂಧುಗಳಿಗೆಲ್ಲ ತಿಳಿದದ್ದೇ. ಆ ಕಾಯಿಲೆಯನ್ನು ಬರುವ ಮೊದಲೇ ತಡೆಯುವ ಲಸಿಕೆಯ ವಿಷಯ ಎಲ್ಲಿ ಕಂಡರೂ ನಾನು ಓದದೆ ಬಿಡಲಾರೆ. ಹೆಪಟೈಟಿಸ್ ಬಿ, ಎಚ್‌ಪಿವಿ ಲಸಿಕೆಗಳು ಕ್ಯಾನ್ಸರಿಗೆ ಕಾರಣವಾಗುವ ವೈರಾಣುಗಳನ್ನು ತಡೆಯುತ್ತವೆ. ಗಡ್ಡೆಯ ಜೀವಕೋಶಗಳನ್ನೇ ಗುರಿಯಾಗಿಸಬೇಕಾದಲ್ಲಿ ಕೆಲಸ ಬಹಳ ಕಠಿಣ.

ಇಟಲಿಯ ಬೊಲೋನ್ಯದಲ್ಲಿ ಲೊಲ್ಲಿನಿ ಮತ್ತು ಸಂಗಡಿಗರು ಇಂಥ ಲಸಿಕೆಯನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಹರ್-2 ಎಂಬ ಕ್ಯಾನ್ಸರ್ ಜೀನನ್ನು ಸೇರಿಸಿ ಬೆಳೆಸಿದ ಆ ತಳಿಯ ಹೆಣ್ಣಿಲಿಗಳಿಗೆ ಸ್ತನದ ಗಡ್ಡೆ ತಪ್ಪಿದ್ದಲ್ಲ. ಲಸಿಕೆ ಅದನ್ನು ತಡೆಯಿತು. ಆದರೆ ಎರಡು ವಾರಗಳ ಕಾಲ ವಾರಕ್ಕೆರಡು ಚುಚ್ಚುಮದ್ದು, ಮುಂದೆ ಎರಡು ವಾರ ಬಿಡುವು, ಪುನಃ ಚುಚ್ಚುಮದ್ದು, ಹೀಗೆ ಜೀವಮಾನವಿಡೀ! ಇದನ್ನು ಎಷ್ಟು ಕಡಿಮೆ ಮಾಡಬಹುದು?

ಲೆಕ್ಕ ಹಾಕಿ ನೋಡಿ. ವಾರಕ್ಕೆರಡರಂತೆ 50 ವಾರಗಳಿಗೆ 100 ಅವಕಾಶಗಳು. ಪ್ರತಿಯೊಂದರಲ್ಲೂ ಚುಚ್ಚಬಹುದು ಅಥವಾ ಬಿಡಬಹುದು. ಅಂದರೆ ಎರಡರ ನೂರನೆಯ ಘಾತ, 31 ಅಂಕಿಗಳ ಸಂಖ್ಯೆ. (ಘಾತಾಂಕದಿಂದ ಏನು ಪ್ರಯೋಜನ ಸಾರ್ ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರು ಗಮನಿಸಬೇಕು.) ಅಷ್ಟು ಇಲಿಗಳನ್ನು ಎಲ್ಲಿಂದ ತರುವುದು?

ಕತಾನಿಯಾ ವಿಶ್ವವಿದ್ಯಾಲಯದ ಮೊತ್ತಾ, ಪಪ್ಪಲಾರ್ದೊ ಮೊದಲಾದವರು ಬೊಲೋನ್ಯದವರೊಡನೆ ಸೇರಿ ಇಲಿಯ ರೋಗನಿರೋಧಕ ವ್ಯವಸ್ಥೆಯನ್ನೇ ಗಣಕಯಂತ್ರದಲ್ಲಿ ಕಟ್ಟಿದರು; 2005ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಪ್ರತಿಯೊಂದು ಜೀವಕೋಶವೂ ತನ್ನ ನಿಯಮದಂತೆ ಚಲಿಸುತ್ತದೆ, ಗುಣಿಸುತ್ತದೆ, ಸಾಯುತ್ತದೆ. ಮರುವರ್ಷ, ಪ್ರಕೃತಿಯ ಆಯ್ಕೆಯನ್ನು ಅನುಕರಿಸುವ ವಿಧಾನದಿಂದ ಲಸಿಕೆಯ ವೇಳಾಪಟ್ಟಿಗಳನ್ನೇ ಪರಸ್ಪರ ಸ್ಪರ್ಧೆಗಿಳಿಸಿ, ಕಡಿಮೆ ಚುಚ್ಚುಮದ್ದಿನವನ್ನು ಹುಡುಕಿದರು.

ನನಗೆ ಅತ್ಯಂತ ಹಿಡಿಸಿದ್ದು ಮುಂದಿನ ಭಾಗ. ಗಣಕಯಂತ್ರ ಹೇಳಿದ್ದನ್ನು ಅವರು ಹಾಗೆಯೇ ನಂಬಲಿಲ್ಲ. ನಿಜವಾದ ಇಲಿಗಳ ಮುಂದಿಟ್ಟರು. 2010ರ ಫಲಿತಾಂಶದಂತೆ ಚುಚ್ಚುಮದ್ದುಗಳನ್ನು ಕಡಿಮೆ ಮಾಡಬಹುದು, ಆದರೆ ಆರಂಭದಲ್ಲಿ ಅಲ್ಲ. ಎಳೆಯ ಪ್ರಾಯದಲ್ಲಿ ಬೇಗಬೇಗನೆ ಕೊಟ್ಟ ಲಸಿಕೆಗಳ ಬಲ ಸಾಕಷ್ಟಿದ್ದರೆ ಮಾತ್ರ ಮುಂದೆ ವಿರಳವಾಗಿ ಕೊಟ್ಟರೂ ರಕ್ಷಣೆ ಉಳಿಯುತ್ತದೆ. ಎಂಟನೆಯ ತರಗತಿಯಲ್ಲಿ ಬೀಜಗಣಿತ ಗಟ್ಟಿಯಾದವರಿಗೆ ಹತ್ತರಲ್ಲಿ ಪುನರಾವರ್ತನೆ ಅಷ್ಟಾಗಿ ಬೇಕಾಗದ್ದನ್ನು ಬಲ್ಲ ನಮಗೆ ಇದು ಆಶ್ಚರ್ಯವಲ್ಲ.

ಇನ್ನೊಂದು ಸಂಗತಿ ಮಾತ್ರ ನನ್ನ ವಯಸ್ಸಿನವರಿಗೆ ಅಷ್ಟು ಹಿತವಲ್ಲ. ಲಸಿಕೆ ನಿಲ್ಲಿಸಿದ ಮೇಲೆ ಮುದಿ ಇಲಿಗಳಲ್ಲಿ ಪ್ರತಿಕಾಯಗಳು ಬೇಗ ಇಳಿದವು, ಗಡ್ಡೆಯೂ ಬೇಗ ಕಾಣಿಸಿಕೊಂಡಿತು. ಸ್ತನ ಕ್ಯಾನ್ಸರನ್ನು ಬರದಂತೆ ತಡೆಯುವ ಲಸಿಕೆ ಮನುಷ್ಯರ ಬಳಕೆಗೆ ಇನ್ನೂ ಬಂದಿಲ್ಲ. ಬರುವುದಾದರೆ, ವೃದ್ಧಾಪ್ಯದ ಲೆಕ್ಕವನ್ನು ಆ ಗಣಕಯಂತ್ರಕ್ಕೆ ಮೊದಲೇ ಚೆನ್ನಾಗಿ ಕಲಿಸಬೇಕಾಗಿದೆ.