ವಾಡಿ ದಾರಿಯ ಹಳೆಯ ಚಿತ್ರಕಥೆಗಳು

ಮುಂಬಯಿ–ಚೆನ್ನೈ ರೈಲುಮಾರ್ಗದಲ್ಲಿ ಶಹಾಬಾದ್ ದಾಟಿದರೆ ವಾಡಿ ಜಂಕ್ಷನ್. ಅಲ್ಲಿಂದ ಸಿಕಂದರಾಬಾದಿಗೆ ಹೊರಳುವ ಹಳಿಯ ಮೇಲೆ ಚಿತ್ತಾಪುರ, ಸೇಡಂ ಬರುತ್ತವೆ. ಚಿಂಚೋಳಿಗೆ ಮಾತ್ರ ಬಸ್ಸೇ ಗತಿ. ಗಾಡಿಗಾಗಿ ಕಾಯುವವರಿಗೆ ಚಿತ್ರಕಥೆಗಿಂತ ಒಳ್ಳೆಯ ಜೊತೆ ಯಾವುದು?

1964ರಿಂದ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂದಿತ್ತು. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದವರು. ಅವರು 2011ರಲ್ಲಿ ತೀರಿಕೊಂಡರು. ಅವರ ಸಹಿಯಿರುವ ಪ್ರತಿ ಇನ್ನು ಹೆಚ್ಚುವಂತಿಲ್ಲ. ಸಂದೂಕಿನಲ್ಲಿರುವ ಹಳೆಯ ಪುಸ್ತಕಗಳನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಪಾಲಕರು ಮೊದಲ ಪುಟ ತೆರೆದು ನೋಡುವುದು ಒಳಿತು.

ಸಹಿ ಕಂಡೊಡನೆ ಹಿಗ್ಗಬೇಕಿಲ್ಲ. ಚಿತ್ರದ ಮೂಲೆಯಲ್ಲಿ ಕಲಾವಿದರ ಸಹಿ ಅಚ್ಚಾಗಿರುವುದೂ ಉಂಟು. ಅದೇ ಮುದ್ರಣದ ಇನ್ನೊಂದು ಪ್ರತಿಯಲ್ಲೂ ಅದೇ ಜಾಗದಲ್ಲಿ ಹಾಗೆಯೇ ಇದ್ದರೆ ಅದು ಅಚ್ಚು. ಬಾಲ್‌ಪೆನ್ನಿನದಾದರೆ ಕಾಗದದಲ್ಲಿ ಸಣ್ಣ ತಗ್ಗು ಬಿದ್ದಿರುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಅದರ ನೆರಳು ಕಾಣುತ್ತದೆ. ವಿದ್ಯಾರ್ಥಿಗಳೇ ಮಾಡಿ ನೋಡಬಹುದಾದ ಪ್ರಯೋಗವಿದು. ಆದರೂ ಟಾರ್ಚು ಹೇಳುವುದು ಪೆನ್ನಿನ ಗುರುತನ್ನಷ್ಟೇ. ಬರೆದ ಕೈ ಯಾರದೆಂದು ಹೇಳದು. ಯಾವಾಗ, ಎಲ್ಲಿ, ಯಾರೆದುರು ಸಹಿಯಾಯಿತೆಂಬ ಚೀಟಿ ಜೊತೆಗಿದ್ದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಆಮೇಲೆ ನೆನಪಿನಿಂದ ಕಟ್ಟಿದ ಚೀಟಿ ಮೋಸವೇ ಸರಿ.

ಈ ಸೀಮೆಯ ಬಿಸಿಲಂತೂ ಅಗ್ಗದ ಕಾಗದದ ವೈರಿ. ಹಳದಿಯಾಗಿ, ಮುಟ್ಟಿದರೆ ಮುರಿಯುತ್ತದೆ. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬಾರದು. ಅದರ ಅಂಟು ಕಂದು ಕಲೆಯಾಗಿ ಉಳಿಯುತ್ತದೆ, ಸಹಿಯ ಮೇಲೂ.